ಉದ್ಯಾನದ ಸ್ಟಾಪು

“ಅಪ್ಪಾ, ಸ್ಟಾಪುಗಳೆಲ್ಲ ಸಾಲಾಗಿ ಸರಿಯಾಗಿ ಬಂದಿವೆಯಾ, ಒಂದ್ಸಲ ನೋಡು,” ಎಂದು ಮಗಳು ಊಟದ ಮೇಜಿನ ಮೇಲೆ ಉದ್ದನೆಯ ಹಾಳೆ ಹರಡಿದಳು. ಆರೋಗ್ಯ ಕಚೇರಿಯ ಅಂಕಿಅಂಶಗಳನ್ನು ಚಿತ್ರವಾಗಿಸುವುದು ಅವಳ ಕೆಲಸ. ನಾಳೆ ಬೆಳಗ್ಗೆ ಈ ಹಾಳೆ ಅಪ್ಪ ಓಡಿಸುವ ಬಸ್ಸಿನಲ್ಲೇ ಮೊದಲು ಅಂಟಬೇಕು.

ಡಿಪೋದಲ್ಲಿ ಅಪ್ಪನಿಗಿದ್ದ ಹೆಸರು ಗಡಿಯಾರ. ಮೂವತ್ತು ವರ್ಷ ಗುಡ್ಡದಿಂದ ಗಿರಣಿಯವರೆಗೆ ಅದೇ ದಾರಿ. ಹತ್ತುವವರೂ ಇಳಿಯುವವರೂ ಇಲ್ಲದ ಸ್ಟಾಪಿನಲ್ಲಿ ಅಪ್ಪಿತಪ್ಪಿಯೂ ಬ್ರೇಕು ತುಳಿದ ಆಸಾಮಿಯಲ್ಲ. ಕನ್ನಡಕ ಏರಿಸಿ, ಹಾಳೆಯ ಮೇಲೆ ಬೆರಳಾಡಿಸಿದ. ಪ್ರತಿ ಸ್ಟಾಪಿಗೂ ಒಂದೊಂದು ಕಂಬ. ಗುಡ್ಡದ ಕಡೆಯವು ಎತ್ತರ, ತಿಳಿಬಣ್ಣ. ಗಿರಣಿಯ ಕಡೆ ಬರಬರುತ್ತ ಗಿಡ್ಡ, ಕಂದು.

“ಇದೇನೇ ಇದು, ಹೀಗೆ ಇಳೀತಾ ಹೋಗಿದೆ?”

“ಎಲ್ಲೆಲ್ಲಿ ಜನ ಸರಾಸರಿ ಎಷ್ಟು ವರ್ಷ ಬದುಕ್ತಾರೆ ಅಂತ. ಗುಡ್ಡದಲ್ಲಿ ಎಂಬತ್ತೆರಡು. ನಮ್ಮ ಗಿರಣಿ ಹತ್ರ ಅರವತ್ಮೂರು.”

“ಈ ಬಣ್ಣ?”

“ಅಲ್ಲಿ ಯಾರು ಜಾಸ್ತಿ ಇದ್ದಾರೋ ಅವರ ಮೈಬಣ್ಣ, ಅಪ್ಪಾ. ಬಿಳಿಯರದ್ದು ತಿಳಿ, ನಮ್ಮದು ಕಂದು.”

ಬೆರಳು ಉದ್ಯಾನದ ಸ್ಟಾಪಿನ ಮೇಲೆ ನಿಂತುಬಿಟ್ಟಿತು. ಮದುವೆಯಾದ ಹೊಸತರಲ್ಲಿ ಆ ಸ್ಟಾಪಿನ ಎದುರಿಗೇ ಒಂದು ಮನೆ, ‘ಬಾಡಿಗೆಗಿದೆ’ ಎಂಬ ಬೋರ್ಡು. ಹೆಂಡತಿ ಒಳಗೆ ಕಾಲಿಡುವ ಮೊದಲೇ ಕಿಟಕಿಗಳನ್ನು ಎಣಿಸಿ ಮುಗಿಸಿದ್ದಳು. ಬಾಗಿಲು ತೆರೆದ ಒಡತಿ ಇಬ್ಬರ ಮುಖ ನೋಡಿ, ನಿನ್ನೆಯೇ ಯಾರಿಗೋ ಕೊಟ್ಟಾಯಿತು ಅಂದಳು.

“ಒಂದೇ ಒಂದು ದಿನ ಮೊದಲು ಹೋಗಿದ್ರೆ ಆ ಮನೆ ನಮಗೇ ಸಿಗ್ತಿತ್ತು ಅಂತ ಅಮ್ಮ ಯಾವಾಗ್ಲೂ ಅಂತಿದ್ಲು,” ಎಂದಳು ಮಗಳು, ಬೆರಳು ನಿಂತ ಜಾಗ ನೋಡಿ.

“ಆ ಬೋರ್ಡು ಆಮೇಲೂ ಎರಡು ತಿಂಗಳು ಅಲ್ಲೇ ತೂಗಾಡ್ತಿತ್ತು ಕಣೇ. ದಿನಕ್ಕೆ ಆರು ಸಲ ಅದರ ಮುಂದೆನೇ ಬಸ್ ಓಡಿಸ್ದೆ. ನಿಮ್ಮಮ್ಮನಿಗೆ ಹೇಳೋಕೆ ಬಾಯೇ ಬರಲಿಲ್ಲ. ಪಾಪ, ತಡ ಮಾಡಿದ್ದು ನಮ್ಮದೇ ತಪ್ಪು ಅಂದ್ಕೊಂಡೇ ಹೋದಳು.”

ಗಿರಣಿಯ ಹೊಗೆಯಲ್ಲಿ ಕೆಮ್ಮಿ ಕೆಮ್ಮಿ ಅವಳು ಹೋದದ್ದು ಐವತ್ತಾರಕ್ಕೆ. ಅವನಿಗೆ ಅವಳು ಈಗಲೇ, ಈ ಮೇಜಿನ ಎದುರಿಗೇ ಬೇಕೆನಿಸಿತು.

“ಈ ಸ್ಟಾಪಿಗೆ ಎಷ್ಟು?”

“ಎಪ್ಪತ್ತೊಂಬತ್ತು.” ಮಗಳು ತಡವರಿಸಿದಳು. “ಅದು ಸರಾಸರಿ, ಅಪ್ಪಾ. ಅಮ್ಮನಿಗೂ ಅಷ್ಟೇ ಸಿಗ್ತಿತ್ತು ಅಂತ ಏನಿಲ್ಲ.”

“ಗೊತ್ತು ಬಿಡು. ಸ್ಟಾಪುಗಳೆಲ್ಲ ಸರಿಯಾಗಿವೆ. ಅಂಟಿಸು.”

ಮರುದಿನ ಬೆಳಗ್ಗೆ ಹಾಳೆ ಬಸ್ಸಿನ ಬಾಗಿಲ ಮೇಲಿತ್ತು. ಉದ್ಯಾನದ ಸ್ಟಾಪಿನಲ್ಲಿ ನರಪಿಳ್ಳೆಯೂ ಇರಲಿಲ್ಲ, ಒಳಗೆ ಯಾರೂ ಗಂಟೆ ಒತ್ತಿರಲಿಲ್ಲ. ಆದರೂ ಬಸ್ಸು ನಿಂತಿತು. ಬಾಗಿಲು ತೆರೆದುಕೊಂಡಿತು. ಒಂದು ನಿಮಿಷ ಕಳೆಯಿತು.

“ಏನ್ರೀ ಡ್ರೈವರ್, ಇಳಿಯೋರು ಯಾರೂ ಇಲ್ವಲ್ಲ, ಹೊರಡ್ರೀ!” ಹಿಂದಿನ ಸೀಟಿನಿಂದ ಯಾರೋ ರೇಗಿದರು.

“ಸ್ವಲ್ಪ ಇರಿ,” ಎಂದ ಗಡಿಯಾರ, ತೆರೆದ ಬಾಗಿಲಿನಿಂದ ಕಣ್ಣು ಕೀಳದೆ. “ನಮ್ಮನೆಯವಳು ಇಲ್ಲೇ ಇಳೀಬೇಕಿತ್ತು.”