ಟೋಪಿರಾಯನ ಕೊನೆಯ ಚಿತ್ರ

"ಇದನ್ಯಾಕೆ ತಂದೆ?"

ಆಸ್ಪತ್ರೆಯ ಮಂಚದ ಮೇಲೆ ಒರಗಿದ್ದ ಗಡಿಯಾರ ರಿಪೇರಿಯವನು ಹೆಂಡತಿಯ ಕೈಯಲ್ಲಿದ್ದ ಡಿವಿಡಿಯನ್ನು ನೋಡಿ ಕೇಳಿದ. ಮಾರನೆಯ ಬೆಳಿಗ್ಗೆ ಅವನಿಗೆ ಹೃದಯದ ಆಪರೇಷನ್. ಹೆಂಡತಿ ಫ್ಲಾಸ್ಕು, ಟವೆಲು, ಮಗಳ ಹಳೇ ಲ್ಯಾಪ್‌ಟಾಪು ಎಲ್ಲ ಹೊತ್ತು ತಂದಿದ್ದಳು. ಜೊತೆಗೆ ಬೀರುವಿನ ಒಳಖಾನೆಯಲ್ಲಿ ಗಂಡ ಚಿನ್ನದಂತೆ ಜೋಪಾನ ಮಾಡಿದ್ದ ಇದನ್ನೂ.

ಅದು ಟೋಪಿರಾಯನ ಕೊನೆಯ ಚಿತ್ರ. ಟೋಪಿರಾಯ ಅಂದರೆ ಹಾಲಿವುಡ್ಡಿನ ಹಳೇ ಕಾಲದ ನಟ. ನಾಲಿಗೆ ಹೊರಳದ ಅವನ ಹೆಸರನ್ನು ಬದಿಗಿಟ್ಟು ಟಾಕೀಸಿನ ಅಭಿಮಾನಿಗಳು ಕೊಟ್ಟ ಬಿರುದು ಇದು. ಮೊದಲ ಚಿತ್ರದಲ್ಲಿ ಕುದುರೆ ಹಿಡಿದು ಮೂಲೆಯಲ್ಲಿ ನಿಂತವನು ಆಮೇಲೆ ಕುಣಿದ, ಗುಂಡು ಹಾರಿಸಿದ, ತಲೆ ನೆರೆತ ಮೇಲೆ ನೋಡಿದವರೆಲ್ಲ ನಮಗೂ ಇಂಥ ಅಪ್ಪ ಇರಬಾರದಿತ್ತೇ ಅನ್ನುವಂತೆ ಅಪ್ಪನಾದ. ಎಲ್ಲಿಂದಲೇ ಹೊರಡಲಿ, ಒಂದೇ ಬೆರಳಲ್ಲಿ ಟೋಪಿಯ ಅಂಚು ಎತ್ತಿಯೇ ಹೊರಡುತ್ತಿದ್ದ. ಗಡಿಯಾರದವನು ಅವನ ಒಂದು ಚಿತ್ರವನ್ನೂ ಬಿಟ್ಟವನಲ್ಲ. ಕೊನೆಯದೊಂದನ್ನು ಮಾತ್ರ ಬೇಕೆಂದೇ ನೋಡದೆ ಉಳಿಸಿಕೊಂಡಿದ್ದ. "ಅದೊಂದು ಬಾಕಿ ಇರೋ ತನಕ ಅವನು ಪೂರ್ತಿ ಹೋಗಿಲ್ಲ ಕಣೇ" ಅನ್ನುತ್ತಿದ್ದ. "ಸತ್ತ ಮೇಲೂ ನಿಮಗೆಲ್ಲ ಟೋಪಿ ಹಾಕ್ತಾನೇ ಇದ್ದಾನೆ" ಅನ್ನುವುದು ಹೆಂಡತಿಯ ಜವಾಬು. ಅವಳ ಸಿಟ್ಟಿಗೂ ಕಾರಣವಿತ್ತು. ಮದುವೆಯಾದ ಹೊಸದರಲ್ಲಿ ಅವಳನ್ನು ಟಾಕೀಸಿಗೆ ಕರೆದುಕೊಂಡು ಹೋದ ಗಂಡ, ಪಕ್ಕದ ಸೀಟಿನ ಮೇಲೆ ಕರ್ಚೀಫು ಹಾಸಿದ್ದು ಗೆಳೆಯನಿಗಾಗಿ. ಮೇಲಿನ ಕೋಣೆಯಲ್ಲಿ ರೀಲು ಹಚ್ಚಿ ನಡುನಡುವೆ ಇಳಿದು ಬಂದು ಕೂರುತ್ತಿದ್ದ ಆಪರೇಟರನಿಗೆ. ಹೊಸ ಹೆಂಡತಿ ಗೋಡೆ ಪಕ್ಕ. ಆ ಕರ್ಚೀಫನ್ನು ಅವಳು ಇಂದಿಗೂ ಮರೆತಿಲ್ಲ.

"ಹೊತ್ತು ಹೋಗಲ್ಲವಲ್ಲ, ನೋಡಿಬಿಡಿ ಅಂತ ತಂದೆ," ಅಂದಳು, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ.

"ಅಂದ್ರೆ ನಾನು ಎದ್ದು ಬರಲ್ಲ ಅಂತ ನೀನೇ ತೀರ್ಮಾನ ಮಾಡ್ಬಿಟ್ಟೆ."

"ಬಿಡ್ತು ಅನ್ರೀ."

ಆದರೆ ಅವಳ ಎದೆಯಲ್ಲಿದ್ದದ್ದೂ ಅದೇ. ಡಾಕ್ಟರು ಭಯ ಬೇಡ ಅಂತ ಎರಡೆರಡು ಸಲ ಹೇಳಿದ್ದೇ ಅವಳಿಗೆ ಭಯ ಹುಟ್ಟಿಸಿತ್ತು. ಇಷ್ಟು ವರ್ಷ ಕಾಪಾಡಿಕೊಂಡ ಆಸೆಯನ್ನು ಈ ಮನುಷ್ಯ ಹಾಗೇ ಉಳಿಸಿ ಹೋಗಿಬಿಟ್ಟರೆ? ಅಷ್ಟರಲ್ಲಿ ಟಾಕೀಸಿನ ಆ ಗೆಳೆಯ, ಆಪರೇಟರ್ ಬಂದ. ಗಂಡ ಹೆಂಡಿರ ಮುಖವನ್ನೊಮ್ಮೆ, ಡಿವಿಡಿಯನ್ನೊಮ್ಮೆ ನೋಡಿದ. "ಹಾಕೋಣ ಬಿಡೋ, ಅತ್ತಿಗೆ ಆಸೆಪಟ್ಟು ತಂದಿದ್ದಾರೆ" ಅಂತ ಲ್ಯಾಪ್‌ಟಾಪನ್ನು ತನ್ನ ತೊಡೆಗೆ ಎಳೆದುಕೊಂಡ.

ಟೋಪಿರಾಯ ಹಣ್ಣುಹಣ್ಣು ಮುದುಕನಾಗಿದ್ದ. ಆದರೂ ಗಡಿಯಾರದವನ ಮುಖ ಅರಳಿತು. "ನೋಡು ನೋಡು, ಎದುರಿನವಳು ಮಾತಾಡುವಾಗ ಹೇಗೆ ಕೇಳಿಸಿಕೊಳ್ತಾನೆ. ಉಳಿದವರು ಮಾತಾಡೋಕೆ ಸಂಬಳ ತಗೊಂಡ್ರೆ, ಇವನು ಕೇಳಿಸಿಕೊಳ್ಳೋಕೆ ತಗೊಂಡ." ಹೆಂಡತಿ ಚಿತ್ರ ನೋಡಲಿಲ್ಲ, ಗಂಡನನ್ನು ನೋಡಿದಳು. ಅವನ ಕಣ್ಣು ಆಗಾಗ ಪರದೆಯ ಕೆಳಗೆ, ಇನ್ನೆಷ್ಟು ಹೊತ್ತು ಉಳಿದಿದೆ ಅಂತ ತೋರಿಸುವ ಗೆರೆಗೆ ಹೋಗುತ್ತಿತ್ತು. ಗೆರೆ ಮುಂದೆ ಸರಿದಷ್ಟೂ ಮುಖ ಬಾಡುತ್ತಿತ್ತು. ಯಾಕಾದರೂ ತಂದೆನೋ ಅನ್ನಿಸಿತು ಅವಳಿಗೆ.

ಚಿತ್ರದಲ್ಲಿ ಟೋಪಿರಾಯ ಎಷ್ಟೋ ಕಾಲದ ಮೇಲೆ ಮನೆಗೆ ಮರಳಿದ್ದ. ಬಾಗಿಲು ತಟ್ಟಿದ. ಬಾಗಿಲು ಒಂದಿಷ್ಟೇ ತೆರೆಯಿತು, ಮುಖದ ಮೇಲೆ ಒಳಗಿನ ಬೆಳಕು ಬಿತ್ತು. ಆಪರೇಟರ್ ಅಲ್ಲಿಗೆ ನಿಲ್ಲಿಸಿದ.

"ಇಂಟರ್‌ವಲ್."

"ಇಂಗ್ಲಿಷ್ ಪಿಕ್ಚರಿಗೆ ಎಲ್ಲಿಯ ಇಂಟರ್‌ವಲ್ಲೋ?"

"ನಮ್ಮ ಟಾಕೀಸಲ್ಲಿ ಯಾವತ್ತೂ ಇತ್ತು. ಎಲ್ಲಿ ಅಂತ ನಾನು ಹೇಳ್ತಿದ್ದೆ." ಅವನು ಡಿವಿಡಿಯನ್ನು ತೆಗೆದು ಜೇಬಿಗಿಳಿಸಿದ. "ಉಳಿದರ್ಧ ನೀನು ಬಂದ ಮೇಲೆ."

"ಪಾಪಿ, ಬಾಗಿಲ ತನಕ ತಂದು ನಿಲ್ಲಿಸಿದ್ಯಲ್ಲೋ," ಅಂತ ಬೈಯುತ್ತ ಗಡಿಯಾರದವನು ನಕ್ಕ. ಆಸ್ಪತ್ರೆಗೆ ಸೇರಿದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಹೆಂಡತಿ ಮಾತ್ರ ಕಾರಿಡಾರಿನ ತನಕ ಆಪರೇಟರನ ಬೆನ್ನು ಹತ್ತಿದಳು. "ಆಸ್ಪತ್ರೇಲೂ ನಿಮ್ಮ ಹುಡುಗಾಟ ಬಿಡಲಿಲ್ಲವಲ್ಲ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ನಾನು ಕಲಿತದ್ದು ಇದೊಂದೇ ಅತ್ತಿಗೆ. ಸರಿಯಾದ ಜಾಗದಲ್ಲಿ ನಿಲ್ಲಿಸಿದ್ರೆ, ಎದ್ದು ಹೋದವರು ವಾಪಸ್ ಬಂದೇ ಬರ್ತಾರೆ."

"ಬಾಗಿಲ ಹಿಂದೆ ಯಾರಿದ್ದಾರೆ, ಅದಾದ್ರೂ ಹೇಳಿ."

"ನನಗೇನು ಗೊತ್ತು? ಅವನನ್ನ ಬಿಟ್ಟು ನಾನೊಬ್ಬನೇ ನೋಡ್ತೀನಾ?"

ಬೆಳಿಗ್ಗೆ ಗಡಿಯಾರದವನನ್ನು ಹಸಿರು ಬಟ್ಟೆ ತೊಡಿಸಿ, ತಲೆಗೆ ಹಸಿರು ಟೋಪಿ ಹಾಕಿ, ಸ್ಟ್ರೆಚರಿನ ಮೇಲೆ ತಳ್ಳಿಕೊಂಡು ಹೋದರು. ಬಾಗಿಲ ಬಳಿ ಅವನು ಹೆಂಡತಿಯ ಕಡೆ ತಿರುಗಿ, ಒಂದೇ ಬೆರಳಲ್ಲಿ ಆ ಟೋಪಿಯ ಅಂಚು ಎತ್ತಿದ. ಬಾಗಿಲು ಮುಚ್ಚಿತು, ಮೇಲೆ ಕೆಂಪು ದೀಪ ಹತ್ತಿತು.

ಹೊರಗೆ ಜನವೋ ಜನ. ಗೋಡೆಗೆ ತಾಗಿದ್ದ ಕುರ್ಚಿಗಳಲ್ಲಿ ಒಂದರಲ್ಲಿ ಅವಳು, ಒಂದನ್ನು ಬಿಟ್ಟು ಆಚೆಯದರಲ್ಲಿ ಆಪರೇಟರ್. ಯಾರೋ ಹೆಂಗಸು ಬಂದು ನಡುವಿನ ಕುರ್ಚಿ ತೋರಿಸಿ, "ಇಲ್ಲಿ ಯಾರಾದ್ರೂ ಇದ್ದಾರಾ?" ಅಂತ ಕೇಳಿದಳು. ಆಪರೇಟರ್ ಸರಿದು ಜಾಗ ಮಾಡಿಕೊಡಲು ಹೊರಟ.

ಅವಳು ಮಡಿಲಲ್ಲಿದ್ದ ಗಂಡನ ಅಂಗಿಯ ಜೇಬಿಗೆ ಕೈ ಹಾಕಿದಳು. ಕರ್ಚೀಫು ತೆಗೆದು, ಬಿಡಿಸಿ, ನಡುವಿನ ಕುರ್ಚಿಯ ಮೇಲೆ ಹಾಸಿದಳು.

"ಇದ್ದಾರೆ," ಅಂದಳು. "ಇಂಟರ್‌ವಲ್‌ಗೆ ಎದ್ದು ಹೋಗಿದ್ದಾರೆ."