ಸೀಟಿನ ಮೇಲಿನ ನೀರಿನ ಲೋಟ

ನನ್ನ ಈಗಿನ ಬೈಕು ಮೂರನೆಯದು, ಒಂಚೂರೂ ನಡುಗುವುದಿಲ್ಲ. ಆದರೂ ಅದರ ಸೀಟಿನ ಮೇಲೆ ಅಂಗೈ ಇಟ್ಟಾಗಲೆಲ್ಲ ಚಿಕ್ಕಂದಿನ, ಮಸ್ಕಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮೂರು ವಳಕಮದಿನ್ನಿಯಿಂದ ಮಸ್ಕಿಯ ಗ್ಯಾರೇಜು ಮುಟ್ಟುವಷ್ಟರಲ್ಲಿ ಅಪ್ಪನ ಹಳೆಯ ಬೈಕು ಹಿಂದೆ ಕೂತ ನನ್ನ ಹಲ್ಲುಗಳನ್ನೂ ಕಟಕಟ ಅನ್ನಿಸಿತ್ತು.

"ಈ ಗಾಡಿ ಹೊಡೆದು ಹೊಡೆದು ನನ್ನ ಕೈ ನಡುಗಾಕತ್ತ್ಯಾವ ಚಾಚಾ. ಸಾಲ್ಯಾಗ ಬೋರ್ಡಿನ ಮ್ಯಾಲ ಅಕ್ಷರ ಸೊಟ್ಟ ಬೀಳ್ತಾವ. ಇದನ್ನ ಮಾರಿಬಿಡ್ತೀನಿ," ಎಂದ ಅಪ್ಪ.

ಮೆಕ್ಯಾನಿಕ್ ಚಾಚಾ ಸ್ಪ್ಯಾನರ್ ಹಿಡಿದು ಗಾಡಿಯ ಪಕ್ಕ ಕೂತ. ಇಂಜಿನ್ನಿನ ಸಡಿಲ ಬೋಲ್ಟುಗಳನ್ನು ಒಂದೊಂದಾಗಿ ಬಿಗಿದ. ಆಮೇಲೆ ಗಾಡಿ ಚಾಲೂ ಮಾಡಿ, ಸ್ಟೀಲ್ ಲೋಟದ ತುಂಬ ನೀರು ತುಂಬಿ ಸೀಟಿನ ಮೇಲಿಟ್ಟ.

"ನೋಡ್ ಬೇಟಿ," ಎಂದು ರೇಸ್ ಕೊಟ್ಟ.

ಇಂಜಿನ್ ಗುಡುಗಿತು. ನೀರಿನ ಮೇಲೆ ಸಣ್ಣ ಉಂಗುರಗಳೆದ್ದವು, ಒಂದು ಹನಿಯೂ ಚೆಲ್ಲಲಿಲ್ಲ. ನಾನು ಉಸಿರು ಬಿಗಿಹಿಡಿದು ನೋಡಿದೆ. ಅಂಥ ವಿದ್ಯೆ ಜಗತ್ತಿನಲ್ಲಿ ಇನ್ನೊಂದಿರಲಿಲ್ಲ.

"ಇನ್ನ ಇಪ್ಪತ್ತು ವರ್ಷ ಗಾಡಿಗೆ ಏನೂ ಆಗಂಗಿಲ್ಲ ಮಾಸ್ತರ್. ತಗೋರಿ, ನೀರು ಕುಡೀರಿ," ಎಂದು ಚಾಚಾ ಅದೇ ಲೋಟವನ್ನು ಅಪ್ಪನಿಗೆ ಕೊಟ್ಟ.

ಬಾಯಿಗೆ ತಲುಪುವಷ್ಟರಲ್ಲಿ ಅರ್ಧ ನೀರು ಅಪ್ಪನ ಅಂಗಿಯ ಮೇಲಿತ್ತು.

ಚಾಚಾ ಗಾಡಿ ಬಂದ್ ಮಾಡಿದ. ಲೋಟ ಹಿಡಿದಿದ್ದ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ನಿಂತ. ಉಳಿದ ನೀರು ನಿಧಾನವಾಗಿ ಸುಮ್ಮನಾಯಿತು.