ಹನ್ನೆರಡನೆಯ ಚೀಟಿ

ಹನ್ನೊಂದು ಜನ ಗಂಡಸರು, ಹನ್ನೆರಡು ಚೀಟಿ. ಎಲ್ಲೋ ಎಡವಟ್ಟಾಗಿತ್ತು.

ಚರ್ಚಿನ ಹಿಂದಿನ ಸಭಾಂಗಣದಲ್ಲಿ ದುಂಡಗೆ ಕುಳಿತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡಸರ ಕೂಟದ ನಿಯಮವನ್ನು ಪಾಸ್ಟರ್ ಹಿಂದಿನ ಭಾನುವಾರವೇ ಆರಾಧನೆಯಲ್ಲಿ ಸಾರಿದ್ದರು. ಬಾಯಿಬಿಟ್ಟು ಹೇಳಲಾಗದ್ದನ್ನು ಹೆಸರು ಹಾಕದೆ ಬರೆಯಬೇಕು, ಅಕ್ಷರದ ಗುರುತು ಸಿಗದಂತೆ ಎಡಗೈಯಲ್ಲಿ. ಮೂಲೆಯಲ್ಲೊಂದು ಚಿಹ್ನೆ ಹಾಕಿ ಡಬ್ಬಿಯಲ್ಲಿ ಬಿಡಬೇಕು. ಚೀಟಿ ಎತ್ತಿಕೊಂಡವನು ಗೋಡೆಯ ಮರದ ಗೂಡುಗಳ ಪೈಕಿ ಅದೇ ಚಿಹ್ನೆ ಇರುವುದರಲ್ಲಿ ಉತ್ತರ ಇಡಬೇಕು. ಬರೆದವನು ಯಾರೂ ಇಲ್ಲದ ಹೊತ್ತು ನೋಡಿ ಒಯ್ಯುತ್ತಾನೆ. ಯಾರು ಯಾರೆಂದು ಕೆದಕುವಂತಿಲ್ಲ.

"ಬರೋಕಾಗದವರು ಯಾರೋ ಮೊದಲೇ ಹಾಕಿ ಹೋಗಿರ್ಬೇಕು," ಎಂದರು ಪಾಸ್ಟರ್. "ಎರಡು ಯಾರು ತಗೋತೀರಿ?"

"ನನಗೆ ಕೊಡಿ," ಎಂದ ಬಡಗಿ. ಡಬ್ಬಿಯನ್ನೂ ಗೂಡುಗಳನ್ನೂ ಮಾಡಿಕೊಟ್ಟವನು ಅವನೇ. ಕೆಲಸವನ್ನು ಮೈಮೇಲೆ ಎಳೆದುಕೊಳ್ಳುವುದು ಅವನ ಹುಟ್ಟುಗುಣ.

ಮೊದಲನೆಯ ಚೀಟಿಯವನಿಗೆ ಮೂಗಿನ ತುದಿಯಲ್ಲಿ ಕೋಪವಂತೆ. ಅದು ಸುಲಭ. ನಕ್ಷತ್ರದ ಗುರುತಿದ್ದ ಎರಡನೆಯದನ್ನು ಅವನು ತನ್ನ ಕಾರ್ಖಾನೆಯಲ್ಲಿ ಬಾಗಿಲು ಹಾಕಿಕೊಂಡು ಓದಿದ.

"ನಮ್ಮ ಮನೆಯಲ್ಲಿ ಎರಡು ಕೋಣೆ, ಎರಡು ಹಾಸಿಗೆ. ಬಾಗಿಲು ತಟ್ಟೋಣವೆಂದು ದಿನವೂ ಹೋಗುತ್ತೇನೆ, ಹಾಗೇ ವಾಪಸು ಬರುತ್ತೇನೆ. ಬೇಡ ಅನ್ನಿಸಿಕೊಂಡರೆ ತಡೆದುಕೊಳ್ಳುವ ಶಕ್ತಿ ನನಗಿಲ್ಲ."

ಬಡಗಿ ಉಳಿಯನ್ನು ಕೆಳಗಿಟ್ಟ. ತನ್ನ ಎದೆಯನ್ನೇ ಯಾರೋ ಬಗೆದು ನೋಡಿ ಬರೆದಂತಿತ್ತು.

ಎರಡು ವರ್ಷದ ಹಿಂದೆ ಹೆಂಡತಿಯ ಗರ್ಭಕೋಶ ತೆಗೆದಾಗ ಡಾಕ್ಟರು ಆರು ವಾರ ಬೇರೆ ಮಲಗಿ ಎಂದಿದ್ದರು. ಅವನು ಹಾಸಿಗೆ ಸುತ್ತಿಕೊಂಡು ಪಕ್ಕದ ಕೋಣೆಗೆ ಹೋದ. ಆರು ವಾರ ಮುಗಿದವು. ವಾಪಸು ಹೋದರೆ ಹಕ್ಕು ಕೇಳಿದಂತಾಗುತ್ತದೆ, ನೊಂದ ಮೈಯನ್ನು ಮತ್ತೆ ನೋಯಿಸಿದಂತಾಗುತ್ತದೆ ಎಂದು ಹೆದರಿದ. ಹರೆಯದಲ್ಲಿ ಚರ್ಚಿನ ಯುವಕರ ತರಗತಿಯಲ್ಲಿ ಮೈಯಾಸೆಯನ್ನು ನಾಯಿಯಂತೆ ಕಟ್ಟಿಹಾಕಬೇಕು ಎಂದು ಕಲಿಸಿದ್ದರು. ಯಾವಾಗ ಬಿಚ್ಚಬೇಕೆಂದು ಯಾರೂ ಕಲಿಸಿರಲಿಲ್ಲ. ಅಷ್ಟಕ್ಕೂ ಅವನಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ನಿದ್ದೆಯಲ್ಲಿ ಅವಳ ಪಾದ ತನ್ನ ಕಾಲಿಗೆ ತಗುಲಿದರೆ ಸಾಕಿತ್ತು.

ಇದನ್ನೆಲ್ಲ ಅವನು ಡಬ್ಬಿಗೆ ಬರೆದಿರಲಿಲ್ಲ. 'ಬೆಳಿಗ್ಗೆ ಏಳಲು ಸೋಮಾರಿತನ' ಎಂದು ಗೀಚಿ ಪಾರಾಗಿದ್ದ. ಊರಿಗೆ ಮುಂಚೆ ಏಳುವ ಆಸಾಮಿ.

ಮರಕ್ಕೆ ಗುರುತು ಹಾಕುವ ಚಪ್ಪಟೆ ಪೆನ್ಸಿಲನ್ನು ಎಡಗೈಗೆ ತೆಗೆದುಕೊಂಡು ದಪ್ಪ ಗೆರೆಯಲ್ಲಿ ಉತ್ತರ ಬರೆದ: "ನೀನೊಬ್ಬನೇ ಅಲ್ಲಪ್ಪ."

ಮುಂದಿನ ವಾರ ಗೂಡಿನಲ್ಲಿ ನಕ್ಷತ್ರ ಮತ್ತೆ ಬಂತು. "ಗೊತ್ತಾಯಿತು," ಎಂದಷ್ಟೇ ಇತ್ತು. ವಾರವಾರವೂ ಚೀಟಿಗಳು ಓಡಾಡಿದವು. ಇಬ್ಬರೂ ಬರೆದದ್ದು ಒಂದೇ: ಊಟಕ್ಕೆ ಎದುರುಬದುರು ಕೂತರೂ ತಟ್ಟೆ ನೋಡಿಯೇ ಮಾತಾಡುವುದು, ಆಚೆ ಕೋಣೆಯ ಕೆಮ್ಮು ಕೇಳಿ ಎದ್ದು ಕೂರುವುದು. ಬಡಗಿಗೆ ಆ ಮನುಷ್ಯನ ಮೇಲೆ ಒಡಹುಟ್ಟಿದವನ ಮೇಲಿನಷ್ಟು ಅಕ್ಕರೆ ಹುಟ್ಟಿತು.

ಒಂದು ದಿನ ಚೀಟಿಯನ್ನು ತಿರುಗಿಸಿ ನೋಡಿದ. ಹಿಂಬದಿಯಲ್ಲಿ ಹೋದ ಭಾನುವಾರದ ಕೀರ್ತನೆಗಳ ಅಚ್ಚು. ಆ ಹಾಳೆಗಳ ಕಟ್ಟು ಇರುವುದು ಪಾಸ್ಟರ್ ಮೇಜಿನ ಮೇಲೆ! ಬಡಗಿ ಚೀಟಿಯನ್ನು ಅವಸರದಲ್ಲಿ ಜೇಬಿಗಿಳಿಸಿದ. ಊರಿಗೆಲ್ಲ ದಾಂಪತ್ಯದ ಬುದ್ಧಿ ಹೇಳುವವರ ಪಾಡು ಇದೇನಾ?

"ಪಾಸ್ಟರ್, ಮನೇಲಿ ಎಲ್ಲಾ ಆರಾಮಾ?" ಎಂದು ಶನಿವಾರದ ಕೂಟ ಮುಗಿದ ಮೇಲೆ ತಡವರಿಸುತ್ತ ಕೇಳಿದ.

"ಆರಾಮಪ್ಪ. ನಿಮ್ಮನೇಲಿ?"

"ನಮ್ಗೇನು."

ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಅಂದು ಹೆಂಡತಿ ಎಂದಿನಂತೆ ಬೆಳಿಗ್ಗೆಯೇ ಚರ್ಚನ್ನೂ ಸಭಾಂಗಣವನ್ನೂ ಗುಡಿಸಿ, ಬೆಂಚಿನ ಮೇಲೆ ಜನ ಬಿಟ್ಟುಹೋದ ಹಾಳೆಗೀಳೆಯನ್ನೆಲ್ಲ ಆಯ್ದು, ಕುರ್ಚಿ ಹಾಕಿ ಬಂದಿದ್ದಳು. ಮಧ್ಯಾಹ್ನ ಬಡಿಸುತ್ತ, "ಗಂಡಸರೆಲ್ಲ ಸೇರಿ ಏನು ಮಾತಾಡ್ತೀರಿ?" ಎಂದಳು.

"ಹೊರಗೆ ಹೇಳೋ ಹಾಗಿಲ್ಲ."

"ಬೇಡ ಬಿಡಿ. ಅದರಿಂದ ಯಾರಿಗಾದ್ರೂ ಒಳ್ಳೇದಾದ್ರೆ ಸಾಕು," ಎಂದು ತಟ್ಟೆ ನೋಡಿಯೇ ಹೇಳಿದಳು.

ಮುಂದಿನ ವಾರದ ನಕ್ಷತ್ರ ಒಂದೇ ಸಾಲು ಬರೆದಿತ್ತು: "ಹೇಗೆ ತಟ್ಟಲಿ, ಹೇಳಿಕೊಡಿ."

ಬಡಗಿ ಅರ್ಧ ದಿನ ಕೆಲಸ ಬಿಟ್ಟು ಕೂತ. ತನಗೇ ಕೈಲಾಗದ್ದನ್ನು ಇನ್ನೊಬ್ಬರಿಗೆ ಹೇಳಿಕೊಡಲು ನಾಚಿಕೆಯಾಯಿತು. ಕೊನೆಗೆ ಬರೆದ: "ಭಾನುವಾರ ಆರಾಧನೆ ಮುಗಿದ ಮೇಲೆ ಎರಡು ಲೋಟ ಚಹಾ ಮಾಡಿಕೊಂಡು ಹೋಗು. ಎರಡೂ ಕೈ ತುಂಬಿರುತ್ತವೆ, ಮೊಣಕೈಯಿಂದ ತಟ್ಟು. ಖಾಲಿ ಕೈ ಕೇಳಲು ಬಂದಂತೆ ಕಾಣುತ್ತದೆ, ತುಂಬಿದ ಕೈ ಹಾಗಲ್ಲ. ಏನೂ ಕೇಳಬೇಡ. ನನಗೂ ಭಯವಾಗುತ್ತದೆ ಎಂದಷ್ಟೇ ಹೇಳು."

ಭಾನುವಾರ ಆರಾಧನೆಯುದ್ದಕ್ಕೂ ಅವನ ಕಣ್ಣು ಪಾಸ್ಟರ್ ಮೇಲೆಯೇ. ಪ್ರಸಂಗದ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಪುಣ್ಯಾತ್ಮ, ಇವತ್ತಾದರೂ ಧೈರ್ಯ ಮಾಡಲಿ ಎಂದು ಮನಸಾರೆ ಪ್ರಾರ್ಥಿಸಿದ. ಜೊತೆಗೆ ಸಣ್ಣ ಹೊಟ್ಟೆಕಿಚ್ಚೂ ಆಯಿತು.

ಮನೆಗೆ ಬಂದು ತನ್ನ ಕೋಣೆ ಸೇರಿ ಬಾಗಿಲು ಮುಂದೆ ಮಾಡಿಕೊಂಡ. ಈ ಹೊತ್ತಿಗೆ ಪಾಸ್ಟರ್ ಮನೆಯಲ್ಲಿ ಚಹಾ ಕುದಿಯುತ್ತಿರಬೇಕು. ಒಂಟಿ ಮಂಚದ ಅಂಚಿನಲ್ಲಿ ಕೂತು ಅಂಗೈಗಳನ್ನು ನೋಡಿಕೊಂಡ. ಎರಡೂ ಖಾಲಿ. ಹಿಂದೆಂದೂ ಇಷ್ಟು ಒಂಟಿ ಅನ್ನಿಸಿರಲಿಲ್ಲ.

ಬಾಗಿಲ ಮೇಲೆ ಸದ್ದಾಯಿತು. ಮೂವತ್ತು ವರ್ಷ ಮರದ ಜೊತೆ ಬದುಕಿದ ಕಿವಿ. ಅದು ಬೆರಳ ಗೆಣ್ಣಿನ ಸದ್ದಲ್ಲ.

ಎದ್ದು ತೆರೆದ. ಹೆಂಡತಿ ನಿಂತಿದ್ದಳು. ಎರಡು ಕೈಯಲ್ಲೂ ಲೋಟ. ಚಹಾ ಅಂಚಿನಿಂದ ತುಳುಕುತ್ತಿತ್ತು.

"ನಂಗೂ ಭಯ ಆಗುತ್ತೆ," ಎಂದಳು. "ಮುಂದೇನು ಹೇಳ್ಬೇಕು ಅಂತ ಚೀಟೀಲಿ ನೀವು ಬರೆದಿಲ್ಲ."